ಬೀಗರ ಕಣ್ಣಿಗೆ ತಂದ ಬೆಲ್ಲ

ಮುಧೋಳದ ಹತ್ತಿರ ನನ್ನ ಅಣ್ಣ ಸ್ವಂತ ಕಬ್ಬಿನಿಂದ ಬೆಲ್ಲ ಮಾಡುತ್ತಾನೆ. ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಎಂಬ ಬಿಳಿ ಪುಡಿ ಹಾಕಿದರೆ ಬೆಲ್ಲ ಹಳದಿಯಾಗಿ ಹೊಳೆಯುತ್ತದೆ; ಮಹಾಲಿಂಗಪುರದ ಪೇಟೆಯಲ್ಲಿ ಅಂಥದ್ದಕ್ಕೇ ಗಿರಾಕಿ. ಪುಡಿ ಹೆಚ್ಚಾದರೆ ಹೊಟ್ಟೆಗೂ ಉಸಿರಿಗೂ ಕೇಡು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಮನೆಯ ಬೆಲ್ಲವನ್ನು ಪುಡಿಯಿಲ್ಲದೆ ಬೇರೆ ಕುದಿಸುತ್ತಾನೆ. ಅದು ಕಪ್ಪು. ತವರಿನಲ್ಲಿ ನಾನು ಅದನ್ನೇ ತಿಂದು ಬೆಳೆದವಳು.

ಹೋದ ವರ್ಷ ನನ್ನ ಮಗಳು ಹಡೆದಳು. ಬಾಣಂತಿಯ ಅಂಟಿನ ಉಂಡಿಗೆ ಬೆಲ್ಲ ತರುವುದು ನಮ್ಮಲ್ಲಿ ಸೋದರಮಾವನ ಹಕ್ಕು. ಅಣ್ಣ ಜಮಖಂಡಿಯ ನಮ್ಮ ಮನೆಗೆ ಚೀಲ ಹೊತ್ತು ಬಂದ. ಬಿಚ್ಚಿದರೆ ಬೆಲ್ಲದ ಪೆಂಟಿಗಳೆಲ್ಲ ಹಳದಿ. ನನಗೆ ಮೈಯೆಲ್ಲ ಉರಿಯಿತು.

“ಅಣ್ಣಾ, ಇದಕ ಪುಡಿ ಹಾಕೀ ಏನು?”

“ಹಾಕೇನಿ. ನಾಳೆ ಬೀಗರು ಕೂಸು ನೋಡಾಕ ಬರತಾರ. ಕರೀ ಬೆಲ್ಲ ತಂದಾನ ಅಂದ್ರ ನನ್ನ ಮರ್ಯಾದಿ ಏನ ಉಳೀತೈತಿ?”

“ನಿಮ್ಮ ಮನೀಗೆ?”

“ಮನೀಗೆ ಕರೀದ ಇಟ್ಟೇನಿ,” ಎಂದ ಸಹಜವಾಗಿ. “ಮನ್ಯಾಗ ಸಣ್ಣ ಹುಡುಗ್ರು ಅದಾವಲ್ಲ.”

ಒಳಗಿನ ಕೋಣೆಯಲ್ಲಿ ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು.