ಪೈಮೋನ್ ಅರಸನಾಗಿ ಹೋದ ನೋಟ್‌ಬುರ್ಗಾ

ನೋಟ್‌ಬುರ್ಗಾಳ ಹೆಸರನ್ನು ನಾನು ಮೊದಲು ಕೇಳಿದ್ದು ಹಂದಿಯ ಕಿವಿ ಹಿಡಿದುಕೊಂಡು ನಿಂತಿದ್ದಾಗ. ಮದುವೆಯಾಗಿ ಓಬರ್‌ಮೋಸ್ ಊರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕ್ರಿಸ್‌ಮಸ್ ಹತ್ತಿರವಾಗಿತ್ತು, ಮನೆಯ ಹಂದಿ ಕೊಯ್ಯಬೇಕಿತ್ತು. ನನ್ನ ಗಂಡ ವಿನ್ಸೆನ್ಸ್ ಕೊಡಲಿಯ ಹಿಂಬದಿಯಿಂದ ಬೀಸಿ ಹೊಡೆದ. ಏಟು ಜಾರಿ ಅದರ ಕಣ್ಣಿನ ಮೇಲೆ ಬಿತ್ತು. ಹಂದಿ ನನ್ನನ್ನೂ ಎಳೆದುಕೊಂಡು ಅಂಗಳವೆಲ್ಲ ಸುತ್ತಿತು. ಹಿಮದ ಮೇಲೆ ರಕ್ತದ ಗೆರೆ ಬಿದ್ದುಹೋಯಿತು.

ಅತ್ತೆ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡರು. "ನಾನು ಆಗಲೇ ಬಡ್ಕೊಂಡೆ, ನೋಟ್‌ಬುರ್ಗಾನ ಕರೀರಿ ಅಂತ. ಹೆಂಗಸಿನ ಕೈಲಿ ಹಂದಿ ಹೊಡೆಸಿದ್ರೆ ಇವನ ಮೀಸೆ ಉದುರುತ್ತಂತೆ. ಈಗ ನೋಡು, ಹಂದಿ ಇವನನ್ನೇ ಕೊಯ್ಯೋ ಹಾಗಿದೆ."

ಯಾರೋ ಓಡಿಹೋಗಿ ಕರೆತಂದರು. ಹೆಗಲ ಮೇಲೆ ಸುತ್ತಿಗೆ, ಚರ್ಮದ ಮುಂಬಟ್ಟೆಯಲ್ಲಿ ಸುತ್ತಿದ ಚೂರಿಗಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು.

"ಯಾರು ಮಾಡಿದ್ದು ಇದನ್ನ?"

"ಕೈ ಜಾರಿಬಿಡ್ತು ಕಣೇ," ಅಂದ ನನ್ನ ಗಂಡ.

"ಕೈ ಮೇಲೆ ಹಾಕ್ಬೇಡ. ಕೈಯೊಂದೇ ಬಂದು ಹೊಡೀತಾ? ನಾನು ಹೊಡೆದೆ ಅನ್ನು."

ಒಂದೇ ಏಟಿಗೆ ಹಂದಿ ಮಂಡಿಯೂರಿತು. ಚೂರಿ ಕುತ್ತಿಗೆಗಿಳಿಸುವ ಮೊದಲು ನನ್ನ ಕಡೆ ನೋಡಿದಳು. "ಏ ಹೊಸ ಹುಡುಗಿ, ಪಾತ್ರೆ ಹಿಡಿ. ರಕ್ತ ತಿರುಗಿಸ್ತಾನೇ ಇರು. ಹೆಪ್ಪುಗಟ್ಟಿದ್ರೆ ಸಾಸೇಜ್ ಇಲ್ಲ, ನಿಮ್ಮತ್ತೆ ನಿನ್ನನ್ನೇ ಹುರೀತಾಳೆ." ಮೊಣಕೈವರೆಗೆ ಬಿಸಿ ರಕ್ತದಲ್ಲಿ ಕೈಯಾಡಿಸುತ್ತ ನಾನು ಅಳುತ್ತಿದ್ದೆ, ಅವಳು ನಕ್ಕಳು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಅವಳಿಗೆ ಕಟುಕನಾಗಿದ್ದ ತಂದೆ ಬಿಟ್ಟುಹೋದದ್ದು ಆ ಸುತ್ತಿಗೆ ಮತ್ತು ಒಬ್ಬ ತಮ್ಮ. ತಾಯಿ ತಮ್ಮನ ಬಾಣಂತನದಲ್ಲೇ ತೀರಿಹೋಗಿದ್ದಳು. ರೊಟ್ಟಿಯನ್ನು ತನ್ನ ಬಾಯಲ್ಲಿ ಅಗಿದು ಅವನ ಬಾಯಿಗಿಟ್ಟು ಸಾಕಿದವಳು ನೋಟ್‌ಬುರ್ಗಾ. ಅವನನ್ನು ಬಿಟ್ಟುಹೋಗಲಾರೆ ಎಂದು ಮದುವೆಯನ್ನೂ ಬೇಡವೆಂದಳು. ತಮ್ಮ ಕಸ್ಸಿಯನ್ ಅಕ್ಕನಿಗೆ ತದ್ವಿರುದ್ಧ. ಕೋಳಿಯ ಕತ್ತು ಮುರಿದರೂ ತಲೆ ಸುತ್ತಿ ಬೀಳುವವನು. ಆದರೆ ಕಂಠ ಮಾತ್ರ ದೊಡ್ಡದು, ಕೂಗಿದರೆ ಎದುರುಬೆಟ್ಟದ ಹಸು ತಿರುಗಿ ನೋಡಬೇಕು. ಆ ಕಂಠಕ್ಕಾಗಿಯೇ ಊರಿನವರು ಅವನನ್ನು ಪೈಮೋನ್ ಮಾಡಿದರು.

ಪೈಮೋನ್ ದೆವ್ವಗಳ ಅರಸ. ಕ್ರಿಸ್‌ಮಸ್ ಮುಗಿದು ಮೂರರಸರ ಹಬ್ಬ ಬರುವುದರೊಳಗೆ ಒಂದು ಮಧ್ಯಾಹ್ನ ನಮ್ಮ ಕಣಿವೆಯ ಗಂಡಸರು ಅವನ ದಂಡು ಕಟ್ಟುತ್ತಿದ್ದರು. ಉಳಿದ ದೆವ್ವಗಳಿಗೆ ಕೊಂಬು, ಕೋರೆಹಲ್ಲು, ಮೇಕೆಯ ಚರ್ಮ. ಅರಸನಿಗೆ ಮಾತ್ರ ಚಂದದ ಹೆಣ್ಣಿನ ಮುಖವಾಡ, ತಲೆಗೆ ಕಿರೀಟ. ಅವನ ಸವಾರಿ ಒಂಟೆಯ ಮೇಲೆ. ಒಂಟೆಯನ್ನು ನಮ್ಮಲ್ಲಿ ಯಾರೂ ಕಂಡವರಲ್ಲ, ಹಾಗಾಗಿ ಹಸುವಿನ ತಲೆಗೆ ಹುಲ್ಲು ತುಂಬಿದ ಡುಬ್ಬ ಸೇರಿಸಿ, ಕೆಳಗೆ ಇಬ್ಬರು ಗಂಡಸರು ಬಗ್ಗಿ ನಡೆಯುತ್ತಿದ್ದರು. ಮುಂಗಾಲು ನನ್ನ ಗಂಡ. "ಅರಸ ಗಂಡು, ಮುಖ ಹೆಣ್ಣು. ನಿನ್ನ ಗಂಡ ಮಾತ್ರ ಎರಡೂ ಅಲ್ಲ, ದನ," ಎಂದು ಅತ್ತೆ ನಗುತ್ತಿದ್ದರು.

ಮನೆಯ ಮುಂದೆ ಬಂದು ಅರಸ ಘರ್ಜಿಸುತ್ತಾನೆ. ಏನೆಂದು ಯಾರಿಗೂ ತಿಳಿಯಬಾರದು. ಮನೆಯವರು ಸುಮ್ಮನಿದ್ದರೆ ಒಂದು ಲೋಟ ಷ್ನಾಪ್ಸ್ ಸಾರಾಯಿ ಕುಡಿದು ಮುಂದೆ ಹೋಗುತ್ತಾನೆ. ಮನೆಯವರಲ್ಲಿ ಯಾರಾದರೂ "ತಿಳಿಯೋ ಹಾಗೆ ಹೇಳು, ಅರಸೇ" ಅಂದರೆ ಮಾತ್ರ ಅವನು ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಬಹುದು. ಒಂದು ಮನೆಗೆ ಒಂದೇ. ಕೇಳಿದ ಮೇಲೆ ಆ ಮನೆಯ ಯಜಮಾನ ಸುಳ್ಳಾಡುವ ಹಾಗಿಲ್ಲ. ಪೈಮೋನನ ಮುಂದೆ ಸುಳ್ಳಾಡಿದವನ ನಾಲಿಗೆ ವಸಂತಕ್ಕೆ ಮೊದಲು ಕೊಳೆತು ಬೀಳುತ್ತದೆ. ಹಾಲಿಗೆ ನೀರು ಬೆರೆಸಿದ್ದು, ಪಾದ್ರಿಯ ಸೇಬು ಕದ್ದದ್ದು ಎಲ್ಲ ಹೀಗೆ ಹೊರಬೀಳುತ್ತಿತ್ತು, ಊರೆಲ್ಲ ನಗುತ್ತಿತ್ತು. ಮುಖವಾಡದವನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಮುಖವಾಡ ಮಾಡಿದ್ದಕ್ಕೆ ಮನುಷ್ಯ ಹೊಣೆಯಲ್ಲ.

ಹೊಳೆಯ ಎದುರು ದಡದ ಹಿಂಟರೌ ಊರಿಗೂ ಅದರದೇ ದಂಡು, ಅದರದೇ ಅರಸ. ಎರಡು ದಂಡುಗಳು ಎದುರಾಗಬಾರದು. ಕಸ್ಸಿಯನ್ ಅರಸನಾದ ವರ್ಷ ಸೇತುವೆಯ ಮೇಲೆ ಎದುರಾದವು.

ನಾನು ಷ್ನಾಪ್ಸ್ ಕೊಡ ಹಿಡಿದು ಹಿಂದೆ ಇದ್ದೆ. "ಹಿಂದಕ್ಕೆ ಹೋಗ್ರೋ," "ನಿಮ್ಮಪ್ಪ ಕಟ್ಸಿದ್ನಾ ಸೇತುವೆ," ಎಂದು ತಮಾಷೆಯಾಗೇ ಶುರುವಾಯಿತು. ಆಮೇಲೆ ಯಾರೋ ಒಂಟೆಯ ಕಾಲಿಗೆ ಹೊಡೆದರು. ಕಸ್ಸಿಯನ್ ಕೆಳಗೆ ಬಿದ್ದ. ಕೊಂಬುಗಳ ನಡುವೆ ಒಂದು ಕೈ ಏಳುವುದು ಕಂಡಿತು, ಅದರಲ್ಲಿ ಕಬ್ಬಿಣದ ಸರಪಳಿ. ಅದು ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಹಸಿ ಸೌದೆ ಸೀಳುವಂಥ ಸದ್ದು. ಸರಪಳಿಯವನು ಬಗ್ಗಿ ಏನೋ ನೋಡಿ, ಮತ್ತೆ ಹೊಡೆದ. ಗುಂಪು ಚದುರಿದಾಗ ಕಸ್ಸಿಯನ್ ಹಿಮದಲ್ಲಿ ಉಸಿರಿಲ್ಲದೆ ಮಲಗಿದ್ದ. ಹೆಣ್ಣಿನ ಮುಖವಾಡ ಎರಡು ಹೋಳಾಗಿ ಅವನ ಕೆನ್ನೆಯೊಳಗೆ ನೆಟ್ಟಿತ್ತು.

ನೋಟ್‌ಬುರ್ಗಾ ಬಂದು ಮರದ ಚೂರುಗಳನ್ನು ಅವನ ಮುಖದಿಂದ ಒಂದೊಂದಾಗಿ ಕಿತ್ತಳು. ಅಳಲಿಲ್ಲ. "ಯಾರು?" ಅಂದಳು. ಪೊಲೀಸರೂ ಅದನ್ನೇ ಕೇಳಿದರು. ಹಿಂಟರೌನಲ್ಲಿ ಸಿಕ್ಕಿದ್ದು ಒಂದೇ ಉತ್ತರ: "ಮುಖವಾಡ ಇತ್ತು ಸ್ವಾಮಿ, ಮನುಷ್ಯ ಇರ್ಲಿಲ್ಲ."

ಆ ವರ್ಷವೆಲ್ಲ ಅವಳು ಬೇರೆ ಯಾವ ಮಾತನ್ನೂ ಆಡಲಿಲ್ಲ. ಹಂದಿಯ ಕರುಳು ತೊಳೆಯುವಾಗ ಒಮ್ಮೆ ನನಗೆ ಹೇಳಿದಳು. "ನಂಗೆ ಹೆಸರು ಬೇಕು ಕಣೇ. ಅಂಗಡಿಯಲ್ಲಿ ಹಿಂಟರೌ ಗಂಡಸರು ಉಪ್ಪು ತಗೋತಿರ್ತಾರೆ. ಪ್ರತಿಯೊಬ್ಬನ ಕೈ ನೋಡ್ತೀನಿ. ಇವನದಾ, ಇವನದಾ ಅಂತ. ಹೀಗೇ ಆದ್ರೆ ಒಂದಿನ ಯಾರೋ ಪಾಪದವನನ್ನ ಹೊಡೆದು ಹಾಕ್ತೀನಿ."

ಅರಸ ಸತ್ತರೆ ಮರುವರ್ಷ ಆ ಊರಿನ ದಂಡು ಎದುರೂರಿಗೆ ಹೋಗಬೇಕು, ಅಲ್ಲಿ ಯಾರೂ ಬಾಗಿಲು ಮುಚ್ಚಬಾರದು. ಇದು ಹಳೆಯ ಕಟ್ಟಳೆ. ನಮ್ಮ ಗಂಡಸರು ಹೊಸ ಮುಖವಾಡ ಕೆತ್ತಿಸಿದರು, ಆದರೆ ಅದನ್ನು ಹಾಕಿಕೊಳ್ಳಲು ಒಬ್ಬನೂ ಮುಂದೆ ಬರಲಿಲ್ಲ. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಹಸು ಈಯುವುದಿತ್ತು. ದಂಡು ಹೊರಡುವ ದಿನ ಬೆಳಿಗ್ಗೆ ವಿನ್ಸೆನ್ಸ್ ಅಡುಗೆಮನೆಗೆ ಬಂದು ಪಿಸುಗುಟ್ಟಿದ: "ಅರಸ ಸಿಕ್ಕಿದಾನೆ. ತೂಕ ಜಾಸ್ತಿ, ಬೆನ್ನು ಮುರಿಯುತ್ತೆ. ಯಾರು ಅಂತ ಕೇಳ್ಬೇಡ."

ನಾನು ಕೇಳಲಿಲ್ಲ. ಆ ಭುಜಗಳನ್ನು ನೋಡಿದರೆ ಸಾಕಿತ್ತು. ಹೆಂಗಸು ಮುಖವಾಡ ಮುಟ್ಟಬಾರದೆಂಬುದೂ ಕಟ್ಟಳೆಯೇ. ಒಂಟೆಯಾದವರಿಬ್ಬರು ಆ ಗುಟ್ಟನ್ನು ನುಂಗಿಕೊಂಡರು.

ಹಿಂಟರೌನವರು ಮೊದಲೇ ಮಾತಾಡಿಕೊಂಡಿದ್ದರು. ಮನೆಮನೆಯ ಮುಂದೆ ಗಂಡಸರು ತುಟಿ ಹೊಲಿದವರ ಹಾಗೆ ನಿಂತಿದ್ದರು. ಅರಸ ಘರ್ಜಿಸಿದ, ಅವರು ಷ್ನಾಪ್ಸ್ ಚಾಚಿದರು. ಅರಸ ಕುಡಿಯದೆ ನೆಲಕ್ಕೆ ಚೆಲ್ಲಿದ. ಮುಂದಿನ ಮನೆ. ಅಲ್ಲೂ ಘರ್ಜನೆ, ಅಲ್ಲೂ ಮೌನ. ಆ ಗಂಟಲು ಮನೆಯಿಂದ ಮನೆಗೆ ಬಿರಿಯುತ್ತಾ ಹೋಯಿತು. ಕೊನೆಗೆ ಗಾಯಗೊಂಡ ಹಂದಿಯ ಸದ್ದೇ ಆಯಿತು. ಒಬ್ಬನಾದರೂ ಆ ಒಂದು ಮಾತು ಅನ್ನಲಿಲ್ಲ.

ಊರ ಕೊನೆಯ ಮನೆ ರೋಮೆಡನದು. ಸೌದೆ ಸಾಗಿಸುವ ಗಟ್ಟಿಮುಟ್ಟಾದ ಆಳು, ಮದುವೆಯಾಗದವನು. ಅವನೂ ತುಟಿ ಬಿಗಿದು ನಿಂತಿದ್ದ. ಅವನ ತಾಯಿ ಫಿಲೊಮೇನಾ ಅಜ್ಜಿ ಪಕ್ಕದಲ್ಲಿ ಕೋಲೂರಿ ನಿಂತಿದ್ದಳು. ಅವಳಿಗೆ ಕಿವಿ ಪೂರ್ತಿ ಕೇಳುತ್ತಿರಲಿಲ್ಲ. ಊರಿನವರು ಮಾಡಿಕೊಂಡ ಒಪ್ಪಂದವನ್ನು ಅವಳಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅರಸ ಘರ್ಜಿಸಿದ. ಅಜ್ಜಿ ಕಿವಿಗೆ ಅಂಗೈ ಹಿಡಿದು, ಮರ್ಯಾದೆಯಿಂದಲೇ ಅಂದಳು: "ಏನಪ್ಪಾ ಅಂದೆ? ಈ ಹಾಳು ಕಿವಿ. ಸ್ವಲ್ಪ ತಿಳಿಯೋ ಹಾಗೆ ಹೇಳು, ಅರಸೇ."

ರೋಮೆಡ ಅವಳ ಬಾಯಿ ಮುಚ್ಚುವುದರೊಳಗೆ ಮಾತು ಹೊರಬಿದ್ದಿತ್ತು. ದಂಡಿನ ಹಿಂದೆ ತಗಡು ಬಡಿಯುತ್ತಿದ್ದವರ ಕೈ ನಿಂತಿತು.

ಮುಖವಾಡದೊಳಗಿಂದ ಬಂದದ್ದು ಹೆಣ್ಣಿನ ದನಿ. "ಕಸ್ಸಿಯನ್‌ನ ಹೊಡೆದೋರು ಯಾರು?"

ರೋಮೆಡನ ದವಡೆ ಅಲ್ಲಾಡಿತು. ನಾಲಿಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದುಕೊಂಡದ್ದು ನನಗೆ ಕಂಡಿತು. ಹಿಂದಿನಿಂದ ಅವನೂರಿನವನೇ ಒಬ್ಬ ಗದರಿದ: "ಹೇಳಿಬಿಡೋ. ಇದನ್ನ ಇಡೀ ಊರಿನ ಮೇಲೆ ಎಳೀಬೇಡ."

"ನಾನು," ಅಂದ ರೋಮೆಡ. ಆಮೇಲೆ ಯಾರೂ ಕೇಳದಿದ್ದರೂ, "ಬಿದ್ದ ಮೇಲೂ ಹೊಡೆದೆ," ಅಂದ.

ಅರಸ ಒಂಟೆಯಿಂದ ಇಳಿದದ್ದೇ ತಿಳಿಯಲಿಲ್ಲ. ನಿಲುವಂಗಿಯೊಳಗಿಂದ ಸುತ್ತಿಗೆ ಬಂತು. ಮೊದಲ ಏಟಿಗೆ ರೋಮೆಡನ ಬಲ ಭುಜ ಇಳಿದುಹೋಯಿತು. ಅವನು ಅದನ್ನು ಎಡಗೈಯಿಂದ ಹಿಡಿದುಕೊಂಡ. ಎರಡನೆಯದು ಬಲ ಮೊಣಕೈ ಮೇಲೆ, ಬಿಳಿ ಮೂಳೆ ತೋಳು ಹರಿದುಕೊಂಡು ಹೊರಬಂತು. ಬಿದ್ದವನ ಬಲ ಅಂಗೈಯನ್ನು ಸೌದೆ ಕಡಿಯುವ ದಿಮ್ಮಿಯ ಮೇಲೆ ಕಾಲಿನಿಂದ ಒತ್ತಿ ಹಿಡಿದು, ಬೆರಳುಗಳನ್ನು ಜಜ್ಜಿದಳು. ಯಾರೂ ತಡೆಯಲಿಲ್ಲ; ಕಟ್ಟಳೆಯ ಪ್ರಕಾರ ಅಲ್ಲಿದ್ದದ್ದು ಮುಖವಾಡ. ಅಜ್ಜಿಯೊಬ್ಬಳೇ ಕೋಲಿನಿಂದ ಅರಸನ ಬೆನ್ನಿಗೆ ಬಡಿಯುತ್ತಿದ್ದಳು. ಕೋಲು ಮುರಿದ ಮೇಲೆ ಮಗನ ಮೇಲೆ ಬೋರಲು ಬಿದ್ದು ಅವನ ತಲೆಯನ್ನು ಮುಚ್ಚಿಕೊಂಡಳು.

ಸುತ್ತಿಗೆ ಮೇಲೆದ್ದಿತ್ತು. ಅಲ್ಲೇ ನಿಂತಿತು. ನೋಟ್‌ಬುರ್ಗಾ ಎಡಗೈಯಿಂದ ಮುಖವಾಡ ಕಿತ್ತು ಹಿಮದ ಮೇಲೆ ಎಸೆದಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು.

"ಏಯ್, ನೋಡ್ಕೊಳಿ. ಅರಸ ಅಲ್ಲ. ನಾನು, ಕಟುಕರ ಮನೆ ನೋಟ್‌ಬುರ್ಗಾ. ನಾನೇ ಹೊಡೆದೆ. ಪೊಲೀಸ್ನೋರು ಬಂದ್ರೆ ಹೆಸರು ಹೇಳಿ."

ಅವಳು ಹಾಗನ್ನದಿದ್ದರೆ ನಾವೆಲ್ಲ ಮುಖವಾಡದ ಮಾತನ್ನೇ ಒಪ್ಪಿಸುತ್ತಿದ್ದೆವು, ಹಿಂಟರೌನವರೂ ಕೂಡ. ವಿನ್ಸೆನ್ಸ್ ಕೊನೆಯವರೆಗೂ ಬೈಯುತ್ತಿದ್ದ: "ಒಂದು ಬಾಯಿ ಮುಚ್ಚಿಕೊಂಡಿದ್ರೆ ಸಾಕಿತ್ತಲ್ಲೇ." ಅವಳು ಮುಚ್ಚಿಕೊಳ್ಳಲಿಲ್ಲ. ನ್ಯಾಯಾಲಯದಲ್ಲಿ ರೋಮೆಡ ತಾನು ಯಾರನ್ನೂ ಹೊಡೆದಿಲ್ಲ ಎಂದ. ಪೈಮೋನನ ಮುಂದೆ ಆಡಿದ್ದು ಪೈಮೋನನಿಗೆ, ನ್ಯಾಯಾಧೀಶರಿಗಲ್ಲ ಎಂದು ಹಿಂಟರೌ ಅವನ ಬೆನ್ನಿಗೆ ನಿಂತಿತು. ನಾನು ಸರಪಳಿ ಕಂಡದ್ದನ್ನು ಹೇಳಿದೆ. "ಹಿಡಿದವನ ಮುಖ ಕಂಡೆಯಾ?" ಎಂದರು ನ್ಯಾಯಾಧೀಶರು. ಕೊಂಬು ಕಂಡಿದ್ದೆ, ಅಷ್ಟೇ. ಕೊಂದವನು ಸೋತ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಮನೆಗೆ ಹೋದ. ಅವಳು ಜೈಲಿಗೆ ಹೋದಳು.

ಅಲ್ಲಿ ಅವಳ ಹಲ್ಲುಗಳು ಹೋದವು. ಬಟ್ಟೆ ಒಗೆಯುವ ಕಡೆ ಇನ್ನೊಬ್ಬಳು ಅವಳ ಬಾಯಿಯನ್ನು ಕಲ್ಲಿನ ತೊಟ್ಟಿಗೆ ಗುದ್ದಿದ್ದಳು. ವರ್ಷಗಳ ಮೇಲೆ ತಿರುಗಿ ಬಂದಾಗ ನನ್ನ ಮಕ್ಕಳು ಹೆದರಿ ಮೇಜಿನ ಕೆಳಗೆ ಸೇರಿಕೊಂಡರು. "ಹೆದ್ರಬೇಡ್ರೋ," ಅಂದಳು, "ಕಚ್ಚೋಕೆ ಇನ್ನೇನೂ ಉಳಿದಿಲ್ಲ."

ಆ ಚಳಿಗಾಲ ಹಿಂಟರೌನಿಂದ ಫಿಲೊಮೇನಾ ಅಜ್ಜಿ ಸೇತುವೆ ದಾಟಿ ಅವಳ ಬಾಗಿಲಿಗೆ ಬಂದಳು. ನಾನು ಅಲ್ಲೇ ಇದ್ದೆ. ಅಜ್ಜಿ ಒಳಗೆ ಬರಲಿಲ್ಲ, ಕೂರಲೂ ಇಲ್ಲ.

"ನಮ್ಮನೇಲಿ ಹಂದಿ ಹೊಡೆಯೋ ಕೈ ಇಲ್ಲ. ಮುರಿದೋಳು ನೀನು. ಬಂದು ಹೊಡಿ."

ನೋಟ್‌ಬುರ್ಗಾ ಚೂರಿಗಳನ್ನು ಸುತ್ತಿಕೊಂಡು ಹೊರಟಳು. ಅಂದಿನಿಂದ ಪ್ರತಿ ಚಳಿಗಾಲವೂ ಹೋದಳು. ಅಜ್ಜಿ ಸತ್ತ ಮೇಲೂ ಹೋದಳು. ಅವಳು ಹಂದಿಯನ್ನು ಹೊಡೆಯುತ್ತಿದ್ದಳು. ರೋಮೆಡ ಎಡಗೈಯಿಂದ ಪಾತ್ರೆ ಹಿಡಿಯುತ್ತಿದ್ದ. ಮಾತಿಲ್ಲ. ಕೂಲಿ ಎಂದು ಒಂದು ತುಂಡು ಮಾಂಸ ಕಟ್ಟಿ ಇಡುತ್ತಿದ್ದ. ಅವಳು ಅದನ್ನು ಸೇತುವೆಯ ಮೇಲಿಂದ ನೀರಿಗೆ ಎಸೆದು ಬರುತ್ತಿದ್ದಳು. "ಹಾಗಾದ್ರೆ ಯಾಕೆ ಹೋಗ್ತೀಯೇ?" ಎಂದು ಕೇಳಿದೆ. "ನಾನು ಮಾಡಿದ್ದು, ನಾನು ಹೋಗ್ತೀನಿ. ಅವನು ಮಾಡಿದ್ದಕ್ಕೆ ಅವನು ಎಲ್ಲಿಗೆ ಬೇಕಾದ್ರೂ ಹೋಗ್ಲಿ," ಅಂದಳು.

ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಕೊನೆಗೆ ನೀರೂ ಇಳಿಯುತ್ತಿರಲಿಲ್ಲ. ನೋವು ಬಂದಾಗ ಮಂಚದ ಪಟ್ಟಿಯನ್ನು ಹಿಡಿದ ಹಿಡಿತಕ್ಕೆ ಅದು ಕಿರುಗುಟ್ಟುತ್ತಿತ್ತು. ಒಂದು ಮಧ್ಯಾಹ್ನ ನೋವು ಸ್ವಲ್ಪ ಬಿಟ್ಟಾಗ ನನ್ನ ಮುಂಗೈ ಹಿಡಿದಳು.

"ಅವತ್ತು ನಂಗಿದ್ದದ್ದು ಒಂದೇ ಪ್ರಶ್ನೆ. ಯಾರು ಅಂತ ಕೇಳಿ ಮುಗಿಸಿಬಿಟ್ಟೆ."

"ಇನ್ನೇನು ಕೇಳೋದಿತ್ತು?"

"ಅವನು ಬಗ್ಗಿ ನೋಡಿದ ಅಂದೆಯಲ್ಲ ನೀನು, ಕಡೇ ಏಟಿಗೆ ಮುಂಚೆ. ಕಸ್ಸಿಯನ್ ಏನೋ ಅಂದಿರ್ಬೇಕು. ಇಷ್ಟು ವರ್ಷ ಆ ಪಾತ್ರೆ ಪಕ್ಕ ನಿಂತು ಬಂದೆ, ಬಾಯಿಗೆ ಬರ್ಲಿಲ್ಲ." ಉಸಿರು ಹಿಡಿದು ಸುಧಾರಿಸಿಕೊಂಡಳು. "ರೋಮೆಡನ ಹತ್ರ ಈಗಲೇ ಹೋಗು. ಕಸ್ಸಿಯನ್ ಏನಂದ ಅಂತ ಕೇಳ್ಕೊಂಡು ಬಾ. ನನ್ನ ಹೆಸರು ಹಿಡಿದು ಕರೆದಿದ್ರೆ ಮಾತ್ರ, ಬಂದು ಬೇರೆ ಏನಾದ್ರೂ ಹೇಳು."