ಸುಷ್ಮಾ ಬಿಟ್ಟ ಒಂಬತ್ತು ಪ್ರಶ್ನೆ

ಬೆಳುಗುಪ್ಪದ ಸುಷ್ಮಾ ಕಲ್ಯಾಣದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ಅಲ್ಲಿಯೇ ಒಂದು ಎಸ್‌ಟಿಡಿ ಬೂತಿನಲ್ಲಿ ಎರಡು ವರ್ಷ ಕೂತಳು. ಜನರ ಕೈಗೆ ಮೊಬೈಲ್ ಬಂದ ಮೇಲೆ ಬೂತು ಮುಚ್ಚಿತು. 2006ರ ಜನವರಿಯಲ್ಲಿ ಆಕೆ ಹಿಂದೂಪುರದ ಸೋದರತ್ತೆ ಮುನೆಮ್ಮನ ಮನೆಗೆ ಬಂದಳು. ಊರಾಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಸಹಾಯಕರ ಜಾಗ ಖಾಲಿಯಾಗುವುದಿತ್ತು. ನೆಟ್‌ವರ್ಕಿಂಗ್‌ನ ಮೊದಲ ಹಂತದ ಸರ್ಟಿಫಿಕೇಟನ್ನು ಜೂನ್ ಮೂವತ್ತರೊಳಗೆ ತಂದರೆ ಕೆಲಸ ನಿನಗೇ ಎಂದು ಅಲ್ಲಿನ ಮ್ಯಾನೇಜರ್ ವೆಂಕಟೇಶಪ್ಪ ಹೇಳಿದ್ದರು.

ಆ ಸರ್ಟಿಫಿಕೇಟಿನ ಪಾಠಕ್ಕೆ ಸೇರಿದಳು. ಅದು ನಡೆಯುತ್ತಿದ್ದುದು ಊರಿನ ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಹದಿನಾಲ್ಕು ಮಂದಿಗೆ ಒಂದೇ ರೂಟರ್. ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ನಿಮಿಷ. ಕರೆಂಟ್ ಹೋದರೆ ಅದೂ ಇಲ್ಲ. ಉಳಿದ ಹೊತ್ತು ರೂಟರಿಗೆ ಕೊಡುವ ಆಜ್ಞೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅದು ಕೊಡಬೇಕಾದ ಉತ್ತರವನ್ನೂ ತಾವೇ ಬರೆದುಕೊಳ್ಳಬೇಕಿತ್ತು. ಕಂಪ್ಯೂಟರುಗಳು ಹಳೆಯವು. ಐದು ನಿಮಿಷಕ್ಕೊಮ್ಮೆ ಪರದೆಯ ಮೇಲೆ ಏನಾದರೊಂದು ಎಚ್ಚರಿಕೆ ಮೂಡುತ್ತಿತ್ತು.

"ಅದನ್ನೇನ್ ಓದ್ತೀರ, ಓಕೆ ಒತ್ರಮ್ಮ," ಎನ್ನುತ್ತಿದ್ದರು ಮೇಷ್ಟ್ರು ಓಬುಳಪತಿ. ಎಲ್ಲರೂ ಒತ್ತುತ್ತಿದ್ದರು.

ಮನೆಯಲ್ಲಿ ಮುನೆಮ್ಮ ಮಂಡಿಯಿಂದ ತಂದ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಸುಷ್ಮಾ ಒಂದು ಕಂಪ್ಯೂಟರ್ ಜಾಲವನ್ನು ತುಂಡು ತುಂಡು ಜಾಲಗಳಾಗಿ ಹಂಚುವ ಲೆಕ್ಕವನ್ನು ಸೊನ್ನೆ, ಒಂದು ಎಂಬ ಎರಡೇ ಅಂಕಿಗಳಲ್ಲಿ ಮಾಡುತ್ತಿದ್ದಳು. ಮಾಡಿದ್ದು ತಪ್ಪಾಗುತ್ತಿತ್ತು, ಮತ್ತೆ ಮಾಡುತ್ತಿದ್ದಳು.

"ಏನ್ ಕಣಮ್ಮ, ಸೊನ್ನೆ ಒಂದು, ಸೊನ್ನೆ ಒಂದು. ಒಂದನೇ ಕ್ಲಾಸಿಗೆ ಮತ್ತೆ ಸೇರ್ಕೊಂಡ್ಬುಟ್ಟಾ?"

"ಅಲ್ಲಾದ್ರೆ ಒಂಬತ್ತರವರ್ಗೂ ಹೇಳ್ಕೊಡ್ತಾರೆ ಕಣತ್ತೆ. ಇಲ್ಲಿ ಈ ಎರಡ್ರಲ್ಲೇ ಎಲ್ಲಾ ಮುಗಿಸ್ಬೇಕು."

ಪರೀಕ್ಷೆ ಜೂನ್ ಇಪ್ಪತ್ತಾರಕ್ಕೆ, ಬೆಂಗಳೂರಿನಲ್ಲಿ. ಹೊರಡುವ ಮುನ್ನ ಓಬುಳಪತಿ ಹೇಳಿದರು: "ಗಾಬರಿ ಪಡ್ಬೇಡ. ಬರೋದು ಮೊದ್ಲು ಮಾಡು. ಬರ್ದಿರೋದು ಬಿಟ್ಬುಟ್ಟು ಹೋಗು, ಕೊನೇಗ್ ಬಂದು ನೋಡ್ಕಂಡ್ರಾಯ್ತು." ಏಳನೇ ತರಗತಿಯಿಂದ ಆಕೆಗೆ ಎಲ್ಲ ಮೇಷ್ಟ್ರುಗಳೂ ಹೇಳಿದ್ದು ಇದನ್ನೇ. ಅದರಿಂದಲೇ ಆಕೆ ಅಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದಳು.

ಪರೀಕ್ಷೆಯಿದ್ದುದು ಕಂಪ್ಯೂಟರಿನಲ್ಲಿ. ಮೊದಲ ಪ್ರಶ್ನೆಯೇ ಉದ್ದನೆಯ ಲೆಕ್ಕ. ಬಿಟ್ಟಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಬಂತು. ಓದದೆ ಓಕೆ ಒತ್ತಿದಳು. ಹೀಗೆ ಒಂಬತ್ತು ಪ್ರಶ್ನೆಗಳನ್ನು ಬಿಟ್ಟಳು, ಒಂಬತ್ತು ಸಲ ಒತ್ತಿದಳು. ಉಳಿದವನ್ನು ಚೆನ್ನಾಗಿಯೇ ಉತ್ತರಿಸಿ, ಬಿಟ್ಟವನ್ನು ಮಾಡಲು ಹಿಂದಕ್ಕೆ ಹೋಗುವ ದಾರಿ ಹುಡುಕಿದಳು. ದಾರಿಯಿರಲಿಲ್ಲ. ಮುಂದಕ್ಕೆ ಹೋದ ಮೇಲೆ ಹಿಂದಿನ ಪ್ರಶ್ನೆ ಸಿಗದು ಎಂಬುದೇ ಆ ಎಚ್ಚರಿಕೆ. ಗಡಿಯಾರದಲ್ಲಿ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಪಾಸಾಗಲು ಹದಿನೆಂಟು ಅಂಕ ಕಡಿಮೆಯಾಯಿತು.

ಮರುದಿನ ಆಕೆ ಓಬುಳಪತಿಯವರ ಮುಂದೆ ನಿಂತಳು.

"ಅಲ್ಲಿ ಹಿಂದಕ್ಕೆ ಹೋಗಕ್ಕಾಗಲ್ಲ ಸಾರ್."

"ಯಾರ್ ಹೇಳಿದ್ದು?"

"ಬರ್ದು ಬಂದೋಳು ನಾನೇ ಅಲ್ವಾ? ನೀವು ಬರ್ದಾಗ ಹೆಂಗಿತ್ತು?"

ಓಬುಳಪತಿ ರೂಟರಿನ ತಂತಿಯನ್ನು ತೆಗೆದು ಮತ್ತೆ ಸಿಕ್ಕಿಸಿದರು. "ಪಾಠ ಹೇಳೋನಿಗೆ ಎಕ್ಸಾಮ್ ಯಾಕಮ್ಮ?" ಎಂದರು. ಆರು ತಿಂಗಳಲ್ಲಿ ಹದಿನಾಲ್ಕು ಮಂದಿಯಲ್ಲಿ ಒಬ್ಬರೂ ಅವರನ್ನು ನೀವು ಪರೀಕ್ಷೆ ಬರೆದಿದ್ದೀರಾ ಎಂದು ಕೇಳಿರಲಿಲ್ಲ. ಅದು ಅವರೆಲ್ಲರ ತಪ್ಪು.

ಮೂವತ್ತನೆಯ ತಾರೀಕು ಆಕೆ ಕಾಲೇಜಿಗೆ ಹೋಗಿ ನಡೆದದ್ದನ್ನು ಹೇಳಿದಳು. ವೆಂಕಟೇಶಪ್ಪ ಕೊನೆಯವರೆಗೂ ಕೇಳಿಸಿಕೊಂಡರು.

"ಇಷ್ಟುದ್ದ ಯಾಕಮ್ಮ? ಫೇಲ್ ಅನ್ನು, ಮುಗೀತು."

"ಫೇಲ್ ಸಾರ್."

ಜಾಗ ಗೋರಂಟ್ಲದ ಅನಿತಾ ಎಂಬಾಕೆಗೆ ಹೋಯಿತು. ಆಕೆಯ ಬಳಿ ಸರ್ಟಿಫಿಕೇಟ್ ಇತ್ತು, ಆಕ್ಷೇಪಿಸುವಂಥದ್ದೇನಿಲ್ಲ.

ಸೆಪ್ಟೆಂಬರಿನಲ್ಲಿ ಸುಷ್ಮಾ ಮತ್ತೆ ಬರೆದಳು. ಬಂದ ಪ್ರಶ್ನೆಯನ್ನು ಬಂದ ಸರದಿಯಲ್ಲೇ ಮಾಡಿದಳು, ಬರದಿದ್ದಕ್ಕೂ ಏನಾದರೊಂದು ಗುರುತು ಹಾಕಿದಳು. ಪಾಸಾಯಿತು. ಮುನೆಮ್ಮ ನೆರೆಮನೆಯವರಿಗೆ ಹೇಳಿಬಂದಳು. ಸುಷ್ಮಾ ಎರಡು ದಿನ ಮಲಗಿ ನಿದ್ದೆ ಮಾಡಿದಳು.

ಕಲ್ಯಾಣದುರ್ಗದಲ್ಲಿ ತಾನು ಓದಿದ ಕಾಲೇಜಿನಲ್ಲೇ ಕೆಲಸ ಸಿಕ್ಕಿತು. ಹತ್ತು ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು, ಪ್ರಿಂಟರಿಗೆ ಕಾಗದ ತುಂಬುವುದು, ಪರೀಕ್ಷೆಯ ಕಾಲದಲ್ಲಿ ಹಾಲ್ ಟಿಕೆಟ್ ಹಂಚುವುದು. ಸರ್ಟಿಫಿಕೇಟಿಗೆ ಮೂರು ವರ್ಷದ ಅವಧಿ. ಮುಗಿದ ಮೇಲೆ ಮತ್ತೆ ಬರೆಯಬೇಕು. 2009ರಲ್ಲಿ ಆಕೆ ಬರೆಯಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಅದಕ್ಕೊಂದು ಅವಧಿಯಿದೆಯೆಂಬುದು ಕಾಲೇಜಿನವರಿಗೆ ಗೊತ್ತಿರಲಿಲ್ಲ, ಆಕೆಯೂ ಹೇಳಲಿಲ್ಲ.