ಗಾಳದ ಕೋಲಿಗೆ ಎಂಟು ಉಂಗುರ

ಸರಿಸಮನಾಗಿ ಹಂಚುವುದು ನನ್ನ ಹಳೆಯ ಚಟ. ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕಿದರೆ ಮಿರ್ಚಿ ತಲೆಗೆಷ್ಟು ಎಂದು ನಾನೇ ನಿಂತು ಹಂಚುತ್ತೇನೆ. ಗೋಡೆಗೆ ಮೊಳೆ ಹೊಡೆಯುವ ಮೊದಲು ಎರಡೂ ಕಡೆಯಿಂದ ಟೇಪು ಹಿಡಿಯುತ್ತೇನೆ. ದಾವಣಗೆರೆಯಲ್ಲಿ ಮೂವತ್ತೈದು ವರ್ಷ ಬಟ್ಟೆ ಅಂಗಡಿಯ ಗಲ್ಲೆಯ ಮೇಲೆ ಕೂತವನಿಗೆ ಇದು ತಪ್ಪದು. ನಮ್ಮಪ್ಪ ನನಗೆ ಕಲಿಸಿದ ವೇದಾಂತ ಒಂದೇ: "ಅಳತಿ ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ." ಅದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಪಾಲಿಸಿಯೇ ಒಬ್ಬ ಒಳ್ಳೆಯ ಮನುಷ್ಯನ ಮನಸ್ಸು ಮುರಿದೆ.

ಅದಕ್ಕೂ ಮೊದಲು ಇನ್ನೊಂದು ತಪ್ಪೊಪ್ಪಿಗೆ. ನಾನು ಮೀನು ಹಿಡಿಯುತ್ತೇನೆ. ಏಳು ತಲೆಮಾರಿನಿಂದ ಮೊಟ್ಟೆಯ ಸಿಪ್ಪೆಯನ್ನೂ ಹೊಸ್ತಿಲು ದಾಟಿಸದ ಮನೆತನದವನು ನಾನು. ಗಾಳಕ್ಕೆ ಎರೆಹುಳ ಸಿಕ್ಕಿಸಲು ಕೈ ಬಾರದೆ ಗೋಧಿ ಹಿಟ್ಟಿನ ಉಂಡೆ ಸಿಕ್ಕಿಸುತ್ತೇನೆ. ನನ್ನ ಹೆಂಡತಿ ಗಿರಿಜಾ ಮೊದಲ ಸಲ ಇದನ್ನು ಕಂಡಾಗ, "ಕೊರಳಾಗೆ ಲಿಂಗ, ಕೈಯಾಗೆ ಗಾಳ! ಭಾಳ ಚೆನ್ನಾಗೈತ್ರಿ ನಿಮ್ ವಾನಪ್ರಸ್ಥ" ಅಂದಳು. ತಿನ್ನುವುದಿಲ್ಲ, ಮಾರುವುದಿಲ್ಲ, ಮತ್ತೆ ಹಿಡಿಯುವುದು ಯಾಕೆ ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಒಂದೇ ಉತ್ತರವಿದೆ. ಆ ಉತ್ತರದ ಹೆಸರು ಹನುಮಂತಣ್ಣ.

ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ ಮೇಲೆ ಪಿ.ಜೆ. ಬಡಾವಣೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೋಗಿಬರುವವರ ಅಂಗಿಗೆ ಎಷ್ಟು ಬಟ್ಟೆ ಹಿಡಿದಿರಬಹುದು ಎಂದು ಅಂದಾಜು ಮಾಡುವುದೇ ನನ್ನ ಉದ್ಯೋಗವಾಗಿತ್ತು. ಕೈಗೆ ಕೆಲಸವಿಲ್ಲ, ಕಣ್ಣಿಗೆ ನಿದ್ದೆಯಿಲ್ಲ. ಆ ದಿನಗಳಲ್ಲಿ ಹರಿಹರದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಊಟ ಮುಗಿಸಿ ಮೆಲ್ಲಗೆ ಜಾರಿಕೊಂಡು ಹೊಳೆಯ ದಂಡೆಗೆ ಬಂದೆ. ಬೇವಿನ ಮರದ ಬುಡದಲ್ಲಿ ನನಗಿಂತ ನಾಲ್ಕೈದು ವರ್ಷ ಹಿರಿಯರೊಬ್ಬರು ಬಿದಿರಿನ ಕೋಲು ಹಿಡಿದು ಕೂತಿದ್ದರು. ಗುರುತಿಲ್ಲ, ಪರಿಚಯವಿಲ್ಲ. ನನ್ನ ಇಸ್ತ್ರಿ ಅಂಗಿ ನೋಡಿ, "ಸಾವ್ಕಾರ್ರೆ, ಒಂಚೂರು ಹಿಡ್ಕಳ್ರಿ. ಚಾ ಕುಡ್ದು ಬಂದ್ಬಿಡ್ತೀನಿ" ಎಂದು ಕೋಲನ್ನು ನನ್ನ ಕೈಗೆ ಕೊಟ್ಟು ಹೋದರು. ಬಂದದ್ದು ಒಂದು ಗಂಟೆಯ ಮೇಲೆ. ಆ ಒಂದು ಗಂಟೆ ನಾನು ಯಾವುದನ್ನೂ ಅಳೆಯಲಿಲ್ಲ. ಅಂದು ರಾತ್ರಿ ಮಗುವಿನಂತೆ ಮಲಗಿದೆ. ಹನುಮಂತಣ್ಣ ಕುಡಿದ ಆ ಚಹಾಕ್ಕೆ ನಾನು ಇವತ್ತಿಗೂ ಋಣಿ.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ, ಭಾನುವಾರ, ಬಸ್ಸು ಹತ್ತಿ ಹರಿಹರಕ್ಕೆ ಹೋಗುವುದು ಕಾಯಂ ಆಯಿತು. ಸಿಕ್ಕ ಮೀನು ಅವರ ಮನೆಯ ಸಾರಿಗೆ, ನದಿಯ ಗಾಳಿ ನನಗೆ ಎಂಬುದು ನಮ್ಮ ಒಪ್ಪಂದ.

ಹೋದ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ ಸೋತಿತು. ಸುದ್ದಿ ನನಗೆ ಮುಟ್ಟಿದ್ದು ಒಂದು ಬುಧವಾರ. ನನ್ನ ಭಾನುವಾರಕ್ಕೆ ಇನ್ನೂ ಹನ್ನೊಂದು ದಿನವಿತ್ತು. ನಾನು ಹನ್ನೊಂದು ದಿನ ಬಿಟ್ಟೇ ಹೋದೆ. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ವಾಯಿದೆ ಎಂದರೆ ವಾಯಿದೆ. ಅಷ್ಟರಲ್ಲಿ ಅವರು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಬಲಗೈಯನ್ನು ಬೇರೆಯವರ ಸಾಮಾನಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ಹಿಡಿತ ಸ್ವಲ್ಪ ಸ್ವಲ್ಪ ಮರಳುತ್ತಿದೆಯಂತೆ. ಆದರೆ ಬಿದಿರು ಎತ್ತುವಷ್ಟಲ್ಲ.

ಅವರಿಗಾಗಿ ನಾನೇ ಒಂದು ಹಗುರವಾದ ಕೋಲು ಕಟ್ಟಬೇಕೆಂದು ಹೊರಟೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಅರ್ಧ ನೋಡಿ ಎಲ್ಲಾ ಗೊತ್ತಾಯಿತು ಅಂದುಕೊಂಡೆ. ಏಳಡಿಯ ಪೊಳ್ಳು ಫೈಬರ್ ಕೋಲು, ಒಂದು ರೀಲು, ದಾರ ಹಾಯಲು ಎಂಟು ಪುಟ್ಟ ಉಂಗುರ ತರಿಸಿದೆ. ಉಂಗುರಗಳನ್ನು ಕೋಲಿನುದ್ದಕ್ಕೂ ಕೆಂಪು ರೇಷ್ಮೆ ದಾರದಿಂದ ಸುತ್ತಿ ಮೇಲೆ ಅಂಟು ಬಳಿಯಬೇಕು. ಎಲ್ಲೆಲ್ಲಿ ಕಟ್ಟಬೇಕು? ಬಟ್ಟೆ ವ್ಯಾಪಾರಿಗೆ ಅದೂ ಒಂದು ಪ್ರಶ್ನೆಯೇ! ಟೇಪು ಹಿಡಿದೆ, ಎಂಟರಿಂದ ಭಾಗಿಸಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ ಅಂತರದಲ್ಲಿ ಕಟ್ಟಿದೆ. ಎಷ್ಟು ಚೆಂದ ಕಂಡಿತೆಂದರೆ ಗಿರಿಜಾಳೇ ಬಂದು ಮುಟ್ಟಿ ನೋಡಿ ಹೋದಳು.

ಹೊಳೆಯ ದಂಡೆಯಲ್ಲಿ ಹನುಮಂತಣ್ಣ ಎಡಗೈಯ ಆಸರೆ ಕೊಟ್ಟು ಬಲಗೈಯಲ್ಲಿ ಅದನ್ನು ಹಿಡಿದರು. ಅರ್ಧ ತಾಸಿಗೆ ಮೀನು ಕಚ್ಚಿತು. ಕೋಲು ಬಾಗಿತು, ಅವರ ಮುಖ ಅರಳಿತು, ತುದಿಯ ಹತ್ತಿರ ಟಕ್ಕನೆ ಸದ್ದಾಯಿತು. ಕೋಲು ಮುರಿದು ಜೋತುಬಿತ್ತು. ಅವರು ನನ್ನನ್ನು ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು. "ನನ್ ಕೈ ಹೋತು ಬಿಡ್ರಿ ಸಾವ್ಕಾರ್ರೆ. ಇದು ಗಾಳ ಹಿಡಿಯೋ ಕೈಯಲ್ಲ ಇನ್ನ" ಅಂದರು. ಮುರಿದ ಕೋಲನ್ನು ನನಗೆ ಕೊಟ್ಟು ಹೊಳೆಗೆ ಬೆನ್ನು ಮಾಡಿ ಕೂತರು. 

ಇನ್ನೊಂದು ಕೋಲು ತರಿಸಿದೆ. ಈ ಸಲ ವಿಡಿಯೋವನ್ನು ಕೊನೆಯವರೆಗೂ ನೋಡಿದೆ. ಅಲ್ಲಿ ಹೇಳಿದಂತೆ ಅದೇ ಸಮ ಅಂತರದಲ್ಲಿ ಉಂಗುರಗಳನ್ನು ಬರೀ ಅಂಟುಪಟ್ಟಿಯಿಂದ ಹಚ್ಚಿ, ಕೋಲನ್ನು ಕಿಟಕಿಯ ಸರಳಿಗೆ ಬಿಗಿದು, ದಾರದ ತುದಿಗೆ ನೀರಿನ ಬಾಟಲಿ ಕಟ್ಟಿದೆ. ಕೋಲು ಬಾಗಿತು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಗಿರಿಜಾ ತಲೆಯೆತ್ತಿ ನೋಡಿ, "ಕೋಲೊಂದು ದಾರಿ ಹಿಡ್ದೈತೆ, ದಾರ ಒಂದು ದಾರಿ ಹಿಡ್ದೈತಲ್ರಿ" ಅಂದಳು. ನಿಜ. ಬುಡದಲ್ಲಿ ಕೋಲು ಹೆಚ್ಚು ಬಾಗುವುದಿಲ್ಲ, ಅಲ್ಲಿ ಉಂಗುರ ದೂರವಿದ್ದರೂ ನಡೆಯುತ್ತದೆ. ತುದಿಯಲ್ಲಿ ಕೋಲು ಬಿಲ್ಲಾಗುತ್ತದೆ. ಅಲ್ಲಿ ಉಂಗುರಗಳು ದೂರವಿದ್ದರೆ ದಾರ ಬಾಗನ್ನು ಬಿಟ್ಟು ನೆಟ್ಟಗೆ ಅಡ್ಡಹಾಯುತ್ತದೆ, ಇಡೀ ಕೋಲು ಹೊರಬೇಕಾದ ಭಾರ ಒಂದೇ ಕಡೆ ಬೀಳುತ್ತದೆ. ಮುರಿದದ್ದು ಹನುಮಂತಣ್ಣನ ಕೈಯಿಂದಲ್ಲ, ನನ್ನ ಟೇಪಿನಿಂದ.

ಎರಡು ದಿನ ಉಂಗುರಗಳನ್ನು ಸರಿಸಿ, ಬಾಟಲಿ ಕಟ್ಟಿ, ಮತ್ತೆ ಸರಿಸಿದೆ. ತುದಿಗೆ ಹೋದಂತೆ ಒತ್ತೊತ್ತಾಗಿ, ಬುಡಕ್ಕೆ ಬಂದಂತೆ ದೂರದೂರ. ಮಧ್ಯೆ ಕಣ್ಣು ನನ್ನ ತೋರುಬೆರಳ ಮೇಲೆ ಬಿತ್ತು. ಬುಡದ ಗೆಣ್ಣು ಉದ್ದ, ಅದರ ಮುಂದಿನದು ಗಿಡ್ಡ, ತುದಿಯದು ಇನ್ನೂ ಗಿಡ್ಡ. ಬೆರಳು ಮಾಡಿದವನಿಗೆ ಈ ವಿಷಯ ಮೊದಲೇ ಗೊತ್ತಿತ್ತು. ಇದೇ ಬೆರಳಲ್ಲಿ ಮೂವತ್ತೈದು ವರ್ಷ ಬಟ್ಟೆ ಅಳೆದರೂ ನಾನು ಬೆರಳನ್ನೇ ನೋಡಿರಲಿಲ್ಲ.

ಹೊಸ ಕೋಲು ಕಂಡು ಹನುಮಂತಣ್ಣ, "ಬ್ಯಾಡ್ರಿ, ಇದನ್ನೂ ಯಾಕ ಮುರಿಸ್ತೀರಿ" ಎಂದು ಕೈ ಹಿಂದೆ ತೆಗೆದರು.

"ಅವತ್ತು ಮುರಿದಿದ್ದು ನಿಮ್ ಕೈಯಲ್ಲಣ್ಣ. ನಾನು ಉಂಗುರ ಕಟ್ಟಿದ್ದೇ ತಪ್ಪಿತ್ತು" ಅಂದೆ. ಅಂಗಡಿಯಲ್ಲಿ ಕೂತಿದ್ದಷ್ಟು ಕಾಲ ಅಳತೆ ತಪ್ಪಿದೆ ಎಂದು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ ನಾನು. ಹೇಳಿದ ಮೇಲೆ ಹಗುರವಾಯಿತು.

ಅವರು ನಂಬಲಿಲ್ಲ. ದಾರದ ತುದಿಯನ್ನು ಬೇವಿನ ಬೇರಿಗೆ ಕಟ್ಟಿ, "ಎಳೀರಿ, ಎಷ್ಟಾಗುತ್ತೋ ಅಷ್ಟು" ಅಂದೆ. ಎಳೆದರು. ಕೋಲು ಬಾಗಿತು, ದಾರ ಅದರ ಬಾಗಿಗೇ ಅಂಟಿಕೊಂಡು ಬಂತು. ಇನ್ನೂ ಎಳೆದರು. ಕೋಲು ಮುರಿಯಲಿಲ್ಲ. ಅವರು ಕೋಲು ನೋಡಲಿಲ್ಲ, ತಮ್ಮ ಬಲಗೈಯನ್ನೇ ನೋಡಿದರು. ಆಮೇಲೆ ಬೇರಿನ ಗಂಟು ಬಿಚ್ಚಿ, ಗಾಳ ಕಟ್ಟಿಸಿಕೊಂಡು, ನನ್ನ ಹಿಟ್ಟಿನ ಉಂಡೆಯನ್ನೇ ಸಿಕ್ಕಿಸಿ ನೀರಿಗೆ ಬಿಟ್ಟರು. ಸಂಜೆಯೊಳಗೆ ಗೇಣುದ್ದದ ಒಂದು ಗೆಂಡೆ ಮೀನು ಮೇಲೆ ಬಂತು. ನಮ್ಮ ಮನೆಯಲ್ಲಿ ಯಾರೂ ತಿನ್ನದ ಆ ಮೀನು ಕಂಡು ನನಗೆ ಆದಷ್ಟು ಸಂತೋಷ ಅದನ್ನು ತಿಂದವರಿಗೂ ಆಗಿರಲಿಕ್ಕಿಲ್ಲ.

ಬಸ್ಸಿಗೆ ಹೊತ್ತಾಯಿತೆಂದು ಎದ್ದು, "ಇನ್ನ ಹದಿನೈದು ದಿನಕ್ಕೆ ಬರ್ತೀನಣ್ಣ" ಅಂದೆ.

ಅವರು ಕೋಲಿನ ತುದಿಯ ಮೇಲೆ ಬೆರಳಾಡಿಸುತ್ತಿದ್ದರು. "ಸಾವ್ಕಾರ್ರೆ, ಇಲ್ಲಿ ಉಂಗ್ರ ಯಾಕ ಇಷ್ಟು ಒತ್ತೊತ್ತಾಗಿ ಕಟ್ಟೀರಿ?"

"ಬಗ್ಗೋದು ಅಲ್ಲೇ ಹೆಚ್ಚಲ್ಲಣ್ಣ. ಅಲ್ಲಿ ಹತ್ರ ಹತ್ರ ಇರಬೇಕು."

"ಹೌದಾ?" ಎಂದು ಕಣ್ಣು ಕಿರಿದು ಮಾಡಿ ನಕ್ಕರು. "ನಾನೂ ಈಗ ಬಗ್ಗೀನಲ್ಲ, ಹಂಗಾರ ನಾಳೆ ಬರ್ರಿ."

ಮಾರನೆಯ ದಿನ ಸೋಮವಾರ. ಬೆಳಿಗ್ಗೆ ಎಂಟು ಗಂಟೆಗೆ ನಾನು ಹರಿಹರದ ಬಸ್ಸಿನಲ್ಲಿದ್ದೆ.